ಮೀನಿನ ಶೆಟ್ರ ಪೆಟ್ಟಿಗೆ

ಶಿರಿಯದ ಭುಜಂಗ ಶೆಟ್ಟರು ಅರುವತ್ತು ದಾಟುವವರೆಗೂ ರೈಲನ್ನು ಹತ್ತಿರದಿಂದ ನೋಡಿದ್ದು ಗೇಟು ಬಿದ್ದಾಗ ಮಾತ್ರ. ಅದೂ ಕಾರಿನೊಳಗೆ ಕೂತು, ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತ, ಬೈಯುತ್ತ. ಬಾಗಿಲಲ್ಲಿ ನೇತಾಡಿಕೊಂಡು ಹೋಗುವವರನ್ನು ಕಂಡು, "ದನ ತುಂಬಿಸಿದ ಹಾಗೆ ತುಂಬಿಸ್ತಾರಲ್ಲ ಮಾರಾಯ, ಮನುಷ್ಯರು ಹೋಗುವ ಕ್ರಮವಾ ಇದು?" ಎಂದು ಮೂಗು ಮುರಿದವರು ಅವರು. ಅಂಥ ಮನುಷ್ಯನನ್ನು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕುಂಬಳೆ ಸ್ಟೇಷನ್ನಿನಲ್ಲಿ, ಬಿಳಿ ತರ್ಮಾಕೋಲ್ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಮಂಗಳೂರಿನ ಪ್ಯಾಸೆಂಜರಿಗೆ ಕಾಯುವ ಹಾಗೆ ಮಾಡಿದ್ದು ಅವರ ಮೊಮ್ಮಗಳು. ಆ ಮೊಮ್ಮಗಳಿಗೆ ಇನ್ನೂ ಹೆಸರು ಕೂಡ ಇಟ್ಟಿರಲಿಲ್ಲ.

ಮಗಳು ತೃಷಾಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿತ್ತು. ಬೊಗಸೆಯಲ್ಲಿ ಹಿಡಿಯುವಷ್ಟಿದ್ದ ಮಗು ಮಂಗಳೂರಿನ ಆಸ್ಪತ್ರೆಯ ಐಸಿಯುವಿನಲ್ಲಿ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿತ್ತು. ತೃಷಾಳನ್ನು ಮನೆಗೆ ಕಳಿಸಿದ ಮರುದಿನವೇ ಆಪರೇಷನ್ನಿನ ಹೊಲಿಗೆಯಲ್ಲಿ ಕೀವು ಕಾಣಿಸಿತು. ಊರಿನ ಡಾಕ್ಟರು ಬಂದು ನೋಡಿ, ಹಾಲಿಗೆ ತೊಂದರೆಯಾಗದ ಮದ್ದು ಕೊಟ್ಟು, ಹೊಲಿಗೆ ಕೂಡುವವರೆಗೆ ಪ್ರಯಾಣದ ಮಾತೇ ಬೇಡ ಎಂದರು. ಅತ್ತ ಆಸ್ಪತ್ರೆಯಲ್ಲಿ ಪುಡಿಹಾಲು ಕೊಟ್ಟರೆ ಮಗುವಿನ ಹೊಟ್ಟೆ ಉಬ್ಬುತ್ತಿತ್ತು. ಸದ್ಯಕ್ಕೆ ತಾಯಿಯ ಹಾಲೊಂದೇ ಅದರ ಹೊಟ್ಟೆಗೆ ಆಗುವುದು, ದಿನಾ ಬೆಳಿಗ್ಗೆ ಐಸಿನಲ್ಲಿಟ್ಟು ತನ್ನಿ, ತಣ್ಣಗಿಲ್ಲದಿದ್ದರೆ ಕೊಡಲಿಕ್ಕಾಗುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಅಳಿಯ ವಿಖ್ಯಾತ್ ಬಹರೈನಿನಲ್ಲಿ ರಜೆಗೆ ಅಂಗಲಾಚುತ್ತ ಕೂತಿದ್ದ.

ಮೊದಲ ದಿನ ಶೆಟ್ಟರು ಬಾಡಿಗೆ ಕಾರು ಮಾಡಿಕೊಂಡು ಹೋದರು. ಕಣ್ಣಿನ ಪೊರೆ ತೆಗೆಸಿಕೊಂಡು ಹೆಚ್ಚು ದಿನ ಆಗಿರಲಿಲ್ಲವಾದ್ದರಿಂದ ಸ್ಟೇರಿಂಗ್ ಹಿಡಿಯುವ ಹಾಗಿರಲಿಲ್ಲ. ಹೈವೇ ಅಗಲ ಮಾಡುವ ಕೆಲಸದಲ್ಲಿ ಹೊಸಂಗಡಿಯ ಹತ್ತಿರ ಟ್ಯಾಂಕರೊಂದು ಅಡ್ಡ ನಿಂತು, ಕಾರು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆಸ್ಪತ್ರೆ ಮುಟ್ಟುವಾಗ ಐಸು ಬೆಚ್ಚಗಿನ ನೀರಾಗಿತ್ತು. ನರ್ಸು ಬಾಟಲಿಯನ್ನು ಮುಟ್ಟಿ ನೋಡಿ, ಹಾಲನ್ನು ಸಿಂಕಿಗೆ ಸುರಿದುಬಿಟ್ಟಳು. ಜ್ವರದಲ್ಲಿ ನಡುಗುತ್ತ, ಹೊಲಿಗೆ ಹಿಡಿದುಕೊಂಡು, ಹನಿ ಹನಿಯಾಗಿ ಮಗಳು ಹಿಂಡಿಕೊಟ್ಟ ಹಾಲು ಅದು. ಆ ದಿನ ಮಗುವಿಗೆ ಬರೀ ಗ್ಲೂಕೋಸ್.

"ನಾಳೆಯಿಂದ ರೈಲಿಗೆ ಹೋಗಿ" ಎಂದರು ಹೆಂಡತಿ ಪುಷ್ಪಾವತಿ.

"ನಾನಾ? ರೈಲಿಗಾ?"

"ಮತ್ತೆ ನಾನು ಹೋಗ್ಲಾ? ಇಲ್ಲಿ ಬಾಣಂತಿಯನ್ನು ಯಾರು ನೋಡುವುದು, ನಿಮ್ಮ ಕಾರಾ?"

ಶೆಟ್ಟರು ಟಿಕೆಟಿಗೆ ಚಿಲ್ಲರೆ ಹುಡುಕಲು ಎದ್ದರು.

ಆ ಗಾಡಿಯನ್ನು ಹತ್ತದವರಿಗೆ ಅದರ ಕತೆ ಹೇಳಿ ಪ್ರಯೋಜನವಿಲ್ಲ; ಹತ್ತಿದವರಿಗೆ ಹೇಳಬೇಕಾದ್ದೇ ಇಲ್ಲ. ಕಣ್ಣೂರು ಕಡೆಯಿಂದ ಬರುವಾಗಲೇ ಅರ್ಧ ತುಂಬಿರುತ್ತದೆ, ಕಾಸರಗೋಡಿನಲ್ಲಿ ಪೂರ್ತಿ ತುಂಬುತ್ತದೆ, ಕುಂಬಳೆಯವರಿಗೆ ಸಿಗುವುದು ಬಾಗಿಲು ಮಾತ್ರ. ಆಮೇಲೆ ಉಪ್ಪಳದವರು, ಮಂಜೇಶ್ವರದವರು. ಅವರೆಲ್ಲಿ ನಿಲ್ಲುತ್ತಾರೆ ಎಂಬುದು ದೇವರಿಗೇ ಗೊತ್ತು, ಆದರೆ ನಿಲ್ಲುತ್ತಾರೆ. ಕಾಲೇಜಿನ ಮಕ್ಕಳು, ಅಂಗಡಿಯ ಹುಡುಗಿಯರು, ಆಸ್ಪತ್ರೆಗೆ ಹೊರಟವರು, ಬ್ಯಾಂಕಿನವರು, ಎಲ್ಲರೂ ಒಬ್ಬರ ಬೆವರನ್ನು ಇನ್ನೊಬ್ಬರು ಹಚ್ಚಿಕೊಂಡು ಹೋಗುವುದು. ಮೊದಲ ದಿನ ಶೆಟ್ಟರ ಚಪ್ಪಲಿ ಒಂದು ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಎರಡನೆಯ ದಿನ ಅಂಗಿಯ ಗುಂಡಿ ಕಿತ್ತು ಹಾರಿತು. ಯಾರದೋ ಮೊಣಕೈ ಪಕ್ಕೆಗೆ ತಾಗಿ, "ಕಣ್ಣು ಕಾಣುವುದಿಲ್ವಾ ನಿಂಗೆ?" ಎಂದು ಗದರಿದರೆ, ಆ ಕಡೆಯಿಂದ, "ಕಣ್ಣು ಕಾಣ್ತದೆ ಅಣ್ಣ, ಕೈ ಎಲ್ಲಿ ಉಂಟಂತ ಕಾಣುವುದಿಲ್ಲ" ಎಂಬ ಉತ್ತರ ಬಂತು. ನಾಲ್ಕು ಜನ ನಕ್ಕರು. ತಮ್ಮನ್ನು ನೋಡಿ ಜನ ನಗುವುದು ಶೆಟ್ಟರಿಗೆ ಅಭ್ಯಾಸವಿರಲಿಲ್ಲ.

ಆ ಬೋಗಿಗೆ ಅದರದ್ದೇ ಕೆಲವು ಕಟ್ಟುಪಾಡುಗಳಿದ್ದವು. ಯಾರೂ ಬರೆದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತು. ನಿಂತವರ ಚೀಲ ಕೂತವರ ಮಡಿಲಿಗೆ. ಚೀಲ ಬಾಗಿಲಿನಿಂದ ಹೊರಟು, ತಲೆಗಳ ಮೇಲಿಂದ, ಕೈಯಿಂದ ಕೈಗೆ ದಾಟಿ ಒಳಗೆ ಹೋಗಬೇಕು. ಇಳಿಯುವ ಮೊದಲು ಹಾಗೆಯೇ ತಿರುಗಿ ಬರಬೇಕು. ಬರುತ್ತಿತ್ತು ಕೂಡ, ಒಂದು ದಿನ ತಪ್ಪಿದ್ದಿಲ್ಲ. ಮೀನಿಗೆ ಮಾತ್ರ ಬೇರೆ ಜಾಗ. ಯಾರ ಮೀನಾದರೂ ಸರಿ, ಬೋಗಿಯ ಆಚೆ ತುದಿಯ ಬಾಗಿಲ ಹತ್ತಿರ, ಕೈತೊಳೆಯುವ ಬೇಸಿನ್ನಿನ ಕೆಳಗೆ. ಐಸು ಕರಗಿ ನೀರು ಸೋರಿದರೆ ಅಲ್ಲಿ ನಿಂತವರು ಮುಚ್ಚಳ ತೆಗೆದು, ಪೆಟ್ಟಿಗೆ ಬಾಗಿಸಿ, ಬಾಗಿಲಿನಿಂದ ಹೊರಗೆ ಚೆಲ್ಲಿಬಿಡುತ್ತಾರೆ. ಇಲ್ಲದಿದ್ದರೆ ಆಫೀಸಿಗೆ ಹೋಗುವವರ ಬಟ್ಟೆಯ ಗತಿ ಏನು? ಒಮ್ಮೆ ಹಾಗೆ ಯಾರದೋ ಬಂಗುಡೆಯ ನೀರು ಚೆಲ್ಲುವುದನ್ನು, ನೀರಿನೊಟ್ಟಿಗೆ ಎರಡು ಬಂಗುಡೆಯೂ ಹಳಿಗೆ ಹೋದದ್ದನ್ನು ಶೆಟ್ಟರು ಪ್ಲಾಟ್‌ಫಾರ್ಮಿನಿಂದಲೇ ಕಂಡಿದ್ದರು.

ಈ ಕಟ್ಟುಪಾಡುಗಳ ಯಜಮಾನಿಕೆ ಜಿತೇಂದ್ರ ಎಂಬವನದು. ಕಾಸರಗೋಡಿನವನು, ಮಂಗಳೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕಿಸೆಯಲ್ಲಿ ಸದಾ ಸ್ಕ್ರೂಡ್ರೈವರು, ಬಾಯಲ್ಲಿ ಸದಾ ಮಾತು. ಶೆಟ್ಟರು ಪೆಟ್ಟಿಗೆ ಹಿಡಿದು ಏದುಸಿರು ಬಿಡುವುದನ್ನು ಕಂಡು ಮೊದಲ ದಿನವೇ ಕೈ ಚಾಚಿದ.

"ಕೊಡಿ ಅಣ್ಣ, ಒಳಗೆ ಕೊಡುವ."

"ಬೇಡ."

"ಭಾರ ಉಂಟಲ್ಲ. ಎಂತ ಅದರಲ್ಲಿ?"

ಎಂತ ಹೇಳುವುದು? ಮಗಳ ಎದೆಹಾಲು ಎಂದು ಹೇಳುವುದೇ, ಈ ಇಷ್ಟು ಜನ ಗಂಡಸರ ನಡುವೆ? ಹೆಂಗಸರ ವಿಷಯವನ್ನು ಮನೆಯ ಜಗಲಿಯಲ್ಲಿ ಕೂಡ ಆಡದವರು ಶೆಟ್ಟರು. ಹೆರಿಗೆ ಹೇಗಾಯಿತು ಎಂದು ಯಾರಾದರೂ ಕೇಳಿದರೆ, "ಅದೆಲ್ಲ ಅವಳ ಹತ್ರ ಕೇಳಿ" ಎಂದು ಒಳಗೆ ಕೈ ತೋರಿಸುವವರು. ಅವರ ಕಿವಿ ಕೆಂಪಾಯಿತು. ಪೆಟ್ಟಿಗೆ ತಂದದ್ದು ಶಿರಿಯದ ಮೀನಿನ ವ್ಯಾಪಾರಿಯಿಂದಲೇ, ಹೊಸತು, ಇನ್ನೂ ಮೀನು ಕಾಣದ್ದು. ಬಾಯಿಗೆ ಬಂದದ್ದೂ ಅದೇ.

"ಮೀನು."

"ಓ! ಶಿರಿಯದ್ದಾ? ಕಾಣೆ ಮೀನಾ?"

"ಕಾಣೆ. ಮಂಗಳೂರಲ್ಲಿ ಮಗಳ ಮನೆಗೆ."

"ದಿನಾ ಕಾಣೆ! ಪುಣ್ಯ ಮಾಡಿದ್ದಾಳೆ ನಿಮ್ಮ ಮಗಳು" ಎಂದ ಜಿತೇಂದ್ರ.

ಅಷ್ಟೇ. ಆ ದಿನದಿಂದ ಅವರು ಆ ಬೋಗಿಗೆ ಮೀನಿನ ಶೆಟ್ರು. ಊರಲ್ಲಿ ಎದುರು ಬಂದವರು ಎತ್ತಿ ಕಟ್ಟಿದ ಮುಂಡು ಇಳಿಸಿ ನಿಲ್ಲುವಂಥ ಮನೆತನ, ಇಲ್ಲಿ "ಮೀನಿನ ಶೆಟ್ರು ಬಂದ್ರು, ಸ್ವಲ್ಪ ಸರೀರಿ" ಎಂಬ ಕೂಗು! ಶೆಟ್ಟರು ಹಲ್ಲು ಕಚ್ಚಿ ಸಹಿಸಿದರು. ಪೆಟ್ಟಿಗೆಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಕೊಟ್ಟರೂ ತೆಗೆದುಕೊಳ್ಳುವವರು ಬೇಕಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ವೆಂಕಟಲಕ್ಷ್ಮಿ ಎಂಬವರು ಕೂರುತ್ತಿದ್ದರು. ಬೋವಿಕಾನದ ಕಡೆಯ ಭಟ್ಟರ ಮನೆಯವರು, ಮಂಗಳೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ. ಬೆಳಗಾಗುವ ಮೊದಲೇ ಮನೆ ಬಿಟ್ಟು, ಬಸ್ಸಿನಲ್ಲಿ ಕಾಸರಗೋಡಿಗೆ ಬಂದು ಆ ಸೀಟು ಹಿಡಿಯುತ್ತಿದ್ದರು. ಅವರ ಮಡಿಲಲ್ಲಿ ಯಾವಾಗಲೂ ಐದಾರು ಚೀಲ ಗೋಪುರವಾಗಿರುತ್ತಿದ್ದವು, ಯಾರದ್ದಾದರೂ ಇಲ್ಲ ಎನ್ನುತ್ತಿರಲಿಲ್ಲ. ಒಂದು ದಿನ ಶೆಟ್ಟರು ಜನರ ತಳ್ಳಾಟದಲ್ಲಿ ಆ ಸೀಟಿನ ಹತ್ತಿರ ಬಂದು ನಿಂತಾಗ, ಪೆಟ್ಟಿಗೆಯ ಮೂಲೆ ವೆಂಕಟಲಕ್ಷ್ಮಿಯವರ ಭುಜಕ್ಕೆ ತಾಗಿತು.

"ಶೆಟ್ರೇ, ಕೋಪ ಮಾಡಬೇಡಿ. ನಿಮ್ಮ ಮೀನು ಸ್ವಲ್ಪ ಆಚೆ ಹಿಡೀರಿ. ನಂಗೆ ಅದರ ಗಾಳಿ ಬಡಿದ್ರೂ ಹೊಟ್ಟೆ ತೊಳೆಸ್ತದೆ."

ಮೂಗಿಗೆ ಸೆರಗು ಹಿಡಿದು ಹೇಳಿದರು. ಇಲ್ಲದ ಮೀನಿನ ವಾಸನೆ ಹೊಡೆಯುವ ಮೂಗು! ಶೆಟ್ಟರಿಗೆ ಒಳಗೊಳಗೇ ಉರಿಯಿತು. ಎಂಥ ಜನವಪ್ಪಾ ಇವರು, ಇದು ಮುಗಿದ ಮೇಲೆ ಈ ಗಾಡಿಯ ಮುಖ ಜನ್ಮದಲ್ಲಿ ನೋಡುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದರು.

ಹಾಗೆ ದಿನ ಹೋಯಿತು. ಮಗು ಹಾಲು ಕುಡಿಯಿತು. ತೂಕ ಚೂರು ಏರಿತು ಎಂದು ನರ್ಸು ಹೇಳಿದ ದಿನ ಪುಷ್ಪಾವತಿ ಫೋನಿನಲ್ಲೇ ಅತ್ತರು. ಅಷ್ಟರಲ್ಲಿ ತೃಷಾಳ ಜ್ವರ ಮತ್ತೆ ಏರಿತು, ಹಾಲು ಕಡಿಮೆಯಾಯಿತು. ಆ ಸೋಮವಾರ ಇಡೀ ರಾತ್ರಿಯ ಹಾಲು ಸೇರಿಸಿದರೂ ಎರಡು ಪುಟ್ಟ ಬಾಟಲಿಯೂ ತುಂಬಲಿಲ್ಲ.

"ಪಪ್ಪಾ, ಇದಿಷ್ಟೇ" ಎಂದಳು ತೃಷಾ. "ಆಸ್ಪತ್ರೆಯಲ್ಲಿ ನಿನ್ನೆದು ಮುಗಿದಿರ್ತದೆ. ಇದು ಹಾಳಾದ್ರೆ ಅವಳಿಗೆ ಎಂತದೂ ಇಲ್ಲ."

"ಹಾಳಾಗ್ಲಿಕ್ಕೆ ಬಿಡ್ತೇನಾ ನಾನು?" ಎಂದು ಜೋರು ಮಾಡಿ ಹೊರಟರು ಶೆಟ್ಟರು.

ಅವತ್ತೇ ಅದಕ್ಕಿಂತ ಮೊದಲು ಬರುವ ಗಾಡಿಯೊಂದು ರದ್ದಾಗಬೇಕೆ! ಕುಂಬಳೆಗೆ ಬರುವಾಗಲೇ ಪ್ಯಾಸೆಂಜರಿನ ಬಾಗಿಲುಗಳಲ್ಲಿ ಜನ ಗೊಂಚಲು ಗೊಂಚಲಾಗಿ ಹೊರಗೆ ಬಂದಿದ್ದರು. ಶೆಟ್ಟರು ಹೇಗೆ ಹತ್ತಿದರೋ ಅವರಿಗೇ ಗೊತ್ತಿಲ್ಲ. ಹಿಂದಿನವರು ಹತ್ತಿಸಿದರು ಎನ್ನಬೇಕು. ಉಪ್ಪಳದಲ್ಲಿ ಇನ್ನೊಂದು ನೂಕು. ಪೆಟ್ಟಿಗೆ ಅವರ ಎದೆಗೂ ಮುಂದಿನವನ ಬೆನ್ನಿಗೂ ನಡುವೆ ಸಿಕ್ಕಿ ಕಿರ್ ಎಂದಿತು. ತರ್ಮಾಕೋಲು ಒಡೆಯುವ ಸದ್ದು.

"ಅಯ್ಯೋ ಶೆಟ್ರೇ, ನಿಮ್ಮ ಕಾಣೆ ಚಟ್ನಿ ಆಗ್ತದೆ!" ಎಂದ ಜಿತೇಂದ್ರ. ಅವರು ಬೇಡ ಎನ್ನುವ ಮೊದಲೇ ಉದ್ದನೆಯ ಕೈ ಚಾಚಿ ಪೆಟ್ಟಿಗೆಯನ್ನು ಮೇಲಕ್ಕೆತ್ತಿದ. "ಮೀನು! ಮೀನು! ಆ ಕಡೆ ಕೊಡಿ!" ಎಂದು ಕೂಗಿದ. ಪೆಟ್ಟಿಗೆ ತಲೆಗಳ ಮೇಲೆ ತೇಲುತ್ತ ಬೋಗಿಯ ಆಚೆ ತುದಿಗೆ ಹೊರಟುಹೋಯಿತು. ಶೆಟ್ಟರು ಬಾಯಿ ತೆರೆದರು. ಸತ್ಯ ನಾಲಿಗೆಯ ತುದಿಗೆ ಬಂತು. ಆದರೆ ಅವರ ಎದುರಿಗೇ ಇಬ್ಬರು ಕಾಲೇಜು ಹುಡುಗರು, ಈ ಪಕ್ಕ ಯಾರೋ ಪರಿಚಯದ ಮುಖದ ಬ್ಯಾಂಕಿನವರು. ಇರಲಿ, ಐಸು ತುಂಬ ಹಾಕಿದ್ದೇನೆ, ಮಂಗಳೂರಿನವರೆಗೆ ತಾನೇ ಎಂದು ಬಾಯಿ ಮುಚ್ಚಿಕೊಂಡರು. ಮಾನ ಎಂಬುದು ಮನುಷ್ಯನಿಂದ ಎಂತೆಂಥದ್ದೆಲ್ಲ ಮಾಡಿಸುತ್ತದೆ ನೋಡಿ.

ಗಾಡಿ ಉಳ್ಳಾಲ ದಾಟಿತು. ನೇತ್ರಾವತಿಯ ಸೇತುವೆ ಇನ್ನೇನು ಬಂತು ಎನ್ನುವಾಗ, ಗಕ್ಕನೆ ನಿಂತಿತು. ಸಿಗ್ನಲ್ ಇಲ್ಲ. ಗಾಡಿ ಓಡುವಾಗ ಬರುವ ಗಾಳಿಯೂ ನಿಂತಿತು. ಮೇಲಿನ ತಗಡು ಕಾದು, ಒಳಗಿನ ಜನ ಬೆಂದರು. ಯಾರೋ ಮುಖ್ಯಮಂತ್ರಿಯಿಂದ ಹಿಡಿದು ಗಾರ್ಡಿನವರೆಗೆ ಎಲ್ಲರನ್ನೂ ಸಾಲಾಗಿ ಬೈದರು. ಯಾವುದೋ ಮಗು ಅತ್ತಿತು. ಶೆಟ್ಟರ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು, ಅದರಲ್ಲಿ ಅರ್ಧ ಸೆಕೆಯದ್ದಲ್ಲ.

ಆಗ ಆಚೆ ತುದಿಯಿಂದ ಒಂದು ಮಾತು ಹೊರಟಿತು. ಮಲಯಾಳದಲ್ಲಿ ಹೊರಟು, ನಡುವೆ ಬ್ಯಾರಿ ಭಾಷೆಯಲ್ಲಿ ದಾಟಿ, ತುಳುವಿನಲ್ಲಿ ಜಿತೇಂದ್ರನಿಗೆ ಮುಟ್ಟಿತು. ಅವನು ಶೆಟ್ಟರ ಕಡೆ ತಿರುಗಿದ.

"ಶೆಟ್ರೇ, ನಿಮ್ಮ ಪೆಟ್ಟಿಗೆ ಬಿರುಕು ಬಿಟ್ಟಿದೆಯಂತೆ. ಐಸಿನ ನೀರು ಎಲ್ಲರ ಕಾಲಿಗೆ ಬರ್ತಾ ಉಂಟಂತೆ. ಮುಚ್ಚಳ ತೆಗೆದು ಚೆಲ್ತಾರಂತೆ ಹೊರಗೆ, ಆಯ್ತಲ್ಲ?" ಎಂದವನೇ ಉತ್ತರಕ್ಕೂ ಕಾಯದೆ ಆ ಕಡೆಗೆ, "ಆಯ್ತು, ಚೆಲ್ಲಿ ಚೆಲ್ಲಿ!" ಎಂದು ಕೈ ಬೀಸಿದ.

ಹಳಿಗೆ ಬಿದ್ದ ಎರಡು ಬಂಗುಡೆಗಳು ಶೆಟ್ಟರ ಕಣ್ಣ ಮುಂದೆ ಬಂದವು. ಆಮೇಲೆ ಏನು ಕೂಗಿದೆನೆಂದು ಅವರಿಗೆ ನೆನಪಿರಲಿಲ್ಲ. ಕೇಳಿದವರು ಮಾತ್ರ ಇವತ್ತಿಗೂ ಮರೆತಿಲ್ಲ.

"ಚೆಲ್ಲಬೇಡೀ! ಅದು ಮೀನಲ್ಲ! ಹಾಲು! ನನ್ನ ಮಗಳ ಮೊಲೆಹಾಲು ಅದು! ಮಗು ಐಸಿಯುನಲ್ಲಿ ಉಂಟು, ಅದಕ್ಕೆ ಬೇರೆ ಎಂತದೂ ಇಲ್ಲ ಮಾರಾಯ್ರೆ, ನಿಮ್ಮ ಕಾಲು ಹಿಡೀತೇನೆ, ಚೆಲ್ಲಬೇಡಿ!"

ಶೆಟ್ಟರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಯಾರಾದರೂ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದರು.

ಯಾರೂ ನಗಲಿಲ್ಲ. "ಪಾಲಾಣ್, ಪಾಲ್! ಕಳೆಯಲ್ಲೇ!" ಎಂದು ಯಾರೋ ಹೆಂಗಸು ಆ ತುದಿಯ ಕಡೆಗೆ ಮಲಯಾಳದಲ್ಲಿ ಕಿರುಚಿದರು. "ಪೇರ್‌ಗೆ, ಪೇರ್" ಎಂದು ತುಳುವಿನಲ್ಲಿ ಇನ್ನೊಬ್ಬರು. ಹಾಲು ಹಾಲು ಎಂಬ ಮಾತು ಮೂರು ನಾಲ್ಕು ಭಾಷೆಯಲ್ಲಿ ಬೋಗಿಯ ಉದ್ದಕ್ಕೂ ಓಡಿತು. ಆ ತುದಿಯಲ್ಲಿ ಮುಚ್ಚಳಕ್ಕೆ ಕೈ ಹಾಕಿದ್ದವನು ಹಾಗೇ ಕೈ ತೆಗೆದ.

"ಇಲ್ಲಿಗೆ ಕೊಡಿ ಅದನ್ನು!"

ಹೇಳಿದ್ದು ವೆಂಕಟಲಕ್ಷ್ಮಿ. ಮಡಿಲಲ್ಲಿದ್ದ ಚೀಲಗಳನ್ನೆಲ್ಲ ಪಕ್ಕದವರ ಮೇಲೆ ರಾಶಿ ಹಾಕಿ, ಎರಡು ಕೈಯನ್ನೂ ಮುಂದೆ ಚಾಚಿದ್ದರು. ಪೆಟ್ಟಿಗೆ ತಲೆಗಳ ಮೇಲೆ ವಾಪಸು ಬಂತು. ಹೋಗುವಾಗ ತೇಲಿ ಹೋದದ್ದು ಬರುವಾಗ ನಡೆದು ಬಂದ ಹಾಗೆ ಬಂತು, ಒಂದು ಕೈ ಗಟ್ಟಿ ಹಿಡಿದ ಮೇಲೆಯೇ ಇನ್ನೊಂದು ಕೈ ಬಿಡುತ್ತಿತ್ತು. ವೆಂಕಟಲಕ್ಷ್ಮಿ ಮುಚ್ಚಳ ಸರಿಸಿ ಬೆರಳಿನಿಂದ ಬಾಟಲಿ ಮುಟ್ಟಿ ನೋಡಿದರು.

"ತಣ್ಣಗೆ ಉಂಟು. ಆದ್ರೆ ಐಸು ಮುಗೀತಾ ಬಂತು. ಯಾರ ಹತ್ರ ಫ್ರೀಜರಿನ ನೀರಿನ ಬಾಟಲಿ ಉಂಟು? ಬೇಗ ಕೊಡಿ!"

ಬೇಸಿಗೆಯಲ್ಲಿ ಅಂಗಡಿ ಕೆಲಸಕ್ಕೆ ಹೋಗುವ ಹುಡುಗಿಯರು ರಾತ್ರಿ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ನೀರಿನ ಬಾಟಲಿ ತರುತ್ತಾರೆ, ಮಧ್ಯಾಹ್ನದವರೆಗೆ ತಣ್ಣಗಿರಲಿ ಎಂದು. ದಿನವಿಡೀ ನಿಂತು ಬಟ್ಟೆ ಮಡಚುವವರಿಗೆ ಅದೊಂದೇ ಸುಖ. ಆ ಬಾಟಲಿಗಳು ಒಂದೊಂದಾಗಿ ತಲೆಗಳ ಮೇಲೆ ಬಂದವು, ಹಿಮ ಬೆವರುತ್ತ. ಆ ತುದಿಯಲ್ಲಿ ನಿಜವಾದ ಮೀನು ಒಯ್ಯುತ್ತಿದ್ದ ಒಬ್ಬರು, "ನನ್ನ ಹತ್ರ ಬೇಕಾದಷ್ಟು ಐಸು ಉಂಟು, ಆದ್ರೆ ವಾಸನೆ" ಎಂದು ಸಂಕೋಚದಿಂದ ಕೂಗಿ ಹೇಳಿದರು. ವೆಂಕಟಲಕ್ಷ್ಮಿ ಅರೆಗಳಿಗೆ ಕೂಡ ಯೋಚಿಸಲಿಲ್ಲ. "ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಡಿ" ಎಂದರು. ಅದೂ ಬಂತು. ಮೀನಿನ ಐಸಿನ ಗಂಟನ್ನು ತಾವೇ ಕೈಯಾರೆ ಬಾಟಲಿಗಳ ಸುತ್ತ ಒತ್ತಿಟ್ಟು, ಮೇಲಿಂದ ತಮ್ಮ ಸೆರಗು ಮುಚ್ಚಿ, ಬಿಸಿಲು ಬೀಳದ ಹಾಗೆ ಕಿಟಕಿಗೆ ಬೆನ್ನು ಮಾಡಿ ಕೂತರು.

ಶೆಟ್ಟರು ನೋಡುತ್ತ ನಿಂತಿದ್ದರು. ದನ ತುಂಬಿಸಿದ ಹಾಗೆ ಎಂದು ತಾನು ಹೇಳುತ್ತಿದ್ದ ಜನ ಇವರೇ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳೋಣವೆಂದರೆ ಕೈ ಎತ್ತಲು ಜಾಗವಿರಲಿಲ್ಲ. ಹಾಗೆಯೇ ಅತ್ತರು. ಜಿತೇಂದ್ರ ನೋಡಿಯೂ ನೋಡದವನ ಹಾಗೆ, "ಮೊದ್ಲೇ ಹೇಳ್ಬಾರ್ದಿತ್ತಾ ಶೆಟ್ರೇ? ಇದೆಂತ ನಾಚಿಕೆ ಪಡುವ ವಿಷಯವಾ? ನಾವೆಲ್ಲ ಎಂತ ಕುಡಿದು ದೊಡ್ಡವರಾದದ್ದು?" ಎಂದ.

ಅಂತೂ ಗಾಡಿ ಹೊರಟಿತು. ಮಂಗಳೂರು ಸೆಂಟ್ರಲಿನಲ್ಲಿ ಆ ಗಾಡಿಯಿಂದ ಜನ ಇಳಿಯುವುದನ್ನು ನೋಡಬೇಕು, ಕಟ್ಟೆ ಒಡೆದ ಹಾಗೆ. ತಡವಾಗಿ ಹೋದರೆ ಸಂಬಳ ಕಡಿಯುವ ಯಜಮಾನರಿದ್ದಾರೆ, ಅಟೆಂಡೆನ್ಸ್ ಕೊಡದ ಮೇಷ್ಟ್ರುಗಳಿದ್ದಾರೆ. ಅವತ್ತಂತೂ ಎಲ್ಲರಿಗೂ ತಡವಾಗಿತ್ತು. ಆದರೂ ಗಾಡಿ ನಿಂತಾಗ ಆ ಬೋಗಿಯಿಂದ ಯಾರೂ ಇಳಿಯಲಿಲ್ಲ. ಬಾಗಿಲಲ್ಲಿದ್ದವರು ಎರಡೂ ಕಡೆ ಕೈ ಅಡ್ಡ ಹಿಡಿದು ನಿಂತರು. ನಡುವೆ, ಇರುವೆ ಹೋಗಲೂ ಎಡೆಯಿಲ್ಲದಲ್ಲಿ, ಒಬ್ಬ ಮನುಷ್ಯ ನಡೆಯುವಷ್ಟು ದಾರಿ ಎಲ್ಲಿಂದ ಬಂತೋ. ವೆಂಕಟಲಕ್ಷ್ಮಿ ಪೆಟ್ಟಿಗೆಯನ್ನು ಶೆಟ್ಟರ ಕೈಗಿಟ್ಟು, "ಓಡಿ" ಎಂದರು.

ಶೆಟ್ಟರು ಓಡಿದರು. ಮುಂಡು ಮೇಲೆ ಕಟ್ಟಿ, ಆ ಪ್ರಾಯದಲ್ಲಿ, ಪ್ಲಾಟ್‌ಫಾರ್ಮಿನ ಉದ್ದಕ್ಕೂ. ಆಸ್ಪತ್ರೆಯಲ್ಲಿ ನರ್ಸು ಬಾಟಲಿ ಮುಟ್ಟಿ ನೋಡುವಾಗ ಅವರು ಗೋಡೆ ಹಿಡಿದುಕೊಂಡಿದ್ದರು.

"ಇದೆಂತ, ಇಷ್ಟು ಐಸು!" ಎಂದಳು ನರ್ಸು. "ಲಾಯ್ಕ ತಣ್ಣಗೆ ಉಂಟು. ಮೀನಿನ ವಾಸನೆ ಯಾಕೆ?"

ಶೆಟ್ಟರು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ನಕ್ಕರು.

ಮರುದಿನದಿಂದ ಕುಂಬಳೆಯಲ್ಲಿ ಗಾಡಿ ನಿಲ್ಲುವ ಮೊದಲೇ ಬಾಗಿಲಿನಿಂದ ಉದ್ದನೆಯ ಕೈಯೊಂದು ಹೊರಗೆ ಬರುತ್ತಿತ್ತು. "ಹಾಲು ಬಂತು, ಹಾಲು!" ಎಂದು ಜಿತೇಂದ್ರ ಕೂಗಿದರೆ ಪೆಟ್ಟಿಗೆ ನೇರ ಕಿಟಕಿಯ ಸೀಟಿಗೆ. ಪೆಟ್ಟಿಗೆಗೆ ಮಾತ್ರ ಸೀಟು. ಶೆಟ್ಟರು ಮೊದಲಿನಂತೆಯೇ ಬಾಗಿಲಲ್ಲಿ ಒಂಟಿ ಕಾಲಿನಲ್ಲಿ. "ಎಷ್ಟಾಯ್ತು ತೂಕ?" ಎಂದು ದಿನಾ ಕೇಳುವವರು. ಶೆಟ್ಟರು ಜೋರಾಗಿ ಹೇಳುವವರು. ಯಾರ್ಯಾರದೋ ಹೆಂಡತಿಯರು ಹಾಲು ಹೆಚ್ಚಲಿಕ್ಕೆ ಮದ್ದು ಹೇಳಿ ಕಳಿಸಿದರು. ಆ ಮದ್ದುಗಳನ್ನೆಲ್ಲ ಬಾಗಿಲಲ್ಲಿ ನೇತಾಡಿಕೊಂಡೇ ನೆನಪಿಟ್ಟು ಹೋಗಿ ಪುಷ್ಪಾವತಿಗೆ ಒಪ್ಪಿಸಿದವರು ಹೆಂಗಸರ ವಿಷಯ ಆಡದ ಭುಜಂಗ ಶೆಟ್ಟರು.

ಮಳೆ ಹಿಡಿಯುವ ಹೊತ್ತಿಗೆ ಮಗು ಮನೆಗೆ ಬಂತು. ಕ್ಷಮಾ ಎಂದು ಹೆಸರಿಟ್ಟರು. ಶಪಥದ ಪ್ರಕಾರ ಶೆಟ್ಟರು ಇನ್ನು ಆ ಗಾಡಿಯ ಮುಖ ನೋಡಬೇಕಾಗಿರಲಿಲ್ಲ. ಆದರೆ ಮಗು ಬಂದ ಮರುದಿನ ಬೆಳಿಗ್ಗೆ ಅವರು ಕುಂಬಳೆ ಸ್ಟೇಷನ್ನಿನಲ್ಲಿದ್ದರು. ಒಂದು ಕೈಯಲ್ಲಿ ಬಿರುಕಿಗೆ ಟೇಪು ಹಚ್ಚಿದ ಅದೇ ಪೆಟ್ಟಿಗೆ, ಒಳಗೆ ಶಿರಿಯದ ಹೊಳೆಬಾಯಿಯಲ್ಲಿ ಬೆಳಿಗ್ಗೆಯಷ್ಟೇ ಹಿಡಿದ ಕಾಣೆ, ಜಿತೇಂದ್ರನಿಗೂ ಅವನ ಪಟಾಲಮಿಗೂ. ಇನ್ನೊಂದು ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. "ಇದು ಆ ಭಟ್ರ ಅಕ್ಕನಿಗೆ, ಮೀನಿಗೆ ತಾಗಿಸ್ಬೇಡಿ ಮತ್ತೆ" ಎಂದು ಪುಷ್ಪಾವತಿ ಹತ್ತು ಸಲ ಹೇಳಿ ಕಳಿಸಿದ್ದರು.

ಗಾಡಿ ಬಂತು. ಉದ್ದನೆಯ ಕೈ ಹೊರಗೆ ಬಂತು. "ಹಾಲು ಬಂತು, ಹಾಲು!"

"ಇಲ್ಲ ಮಾರಾಯ, ಇವತ್ತು ಮೀನು" ಎಂದರು ಶೆಟ್ಟರು.

"ಗೊತ್ತು ಗೊತ್ತು, ಮೀನು!" ಎಂದು ಬಾಗಿಲಿಗೆ ಬಾಗಿಲೇ ನಕ್ಕಿತು. ಪೆಟ್ಟಿಗೆ ಅವರ ಕೈಯಿಂದ ಹೋಗಿಯಾಗಿತ್ತು. ಒಂದು ಕೈ ಗಟ್ಟಿ ಹಿಡಿದ ಮೇಲೆ ಇನ್ನೊಂದು ಕೈ ಬಿಡುತ್ತ, ತಲೆಗಳ ಮೇಲೆ, ಅಲುಗದ ಹಾಗೆ, ಅದು ಕಿಟಕಿಯ ಸೀಟು ಮುಟ್ಟಿತು. ಗಾಡಿ ಹೊರಟಿತು. ಶೆಟ್ಟರು ಕಿಟಕಿಯ ಜತೆ ಓಡುತ್ತ ಹಪ್ಪಳದ ಕಟ್ಟನ್ನು ಒಳಗೆ ನೂಕಿದರು.

"ಅಕ್ಕಾ! ಮಗು ಮನೆಗೆ ಬಂತು! ಅದು ನಿಜವಾಗಿ ಮೀನು! ಕೆಳಗಿಡಿ ಅಕ್ಕಾ, ಮೀನು ಅದು!"

ವೆಂಕಟಲಕ್ಷ್ಮಿಗೆ ಕೇಳಿಸಿತು. ಮುಚ್ಚಳ ಸರಿಸಿ ನೋಡಿದರು, ಮೂಗಿಗೆ ಸೆರಗು ಹೋಯಿತು. ಆಮೇಲೆ ತಲೆಯೆತ್ತಿ, "ಬಂತಾ ಮನೆಗೆ?" ಎಂದು ಕೂಗಿ ಕೇಳಿದರು, ಮುಖ ಇಡೀ ನಗು. ಗಾಡಿ ಪ್ಲಾಟ್‌ಫಾರ್ಮು ದಾಟುವವರೆಗೂ ಶೆಟ್ಟರು ನೋಡಿದರು. ವೆಂಕಟಲಕ್ಷ್ಮಿ ಪೆಟ್ಟಿಗೆಯನ್ನು ಮಡಿಲಿನಿಂದ ಕೆಳಗಿಡಲಿಲ್ಲ.